ಆರು ಚೌಕದ ಮುಖ

ಬಾಗಿಲೆಂದರೆ ಆಗ ನಾಲ್ಕು ಕಂದು ಗೆರೆ.
ಬಾಗಿಲೆಂದು ನಂಬಿದೆವು, ತೆರೆಯಿತು.
ಚಿಂತಾಮಣಿಯ ಚೇಳೂರು ರಸ್ತೆ,
ಕಡಲೆಕಾಯಿ ಮಂಡಿಯ ಮೇಲಿನ ಸೈಬರ್,
ಗಂಟೆಗೆ ಹದಿನೈದು ರೂಪಾಯಿ, ಕುರ್ಚಿಗೆ ಇಬ್ಬರು:
ಬಾಣದ ಕೀಲಿ ನನಗೆ, ಗುಂಡು ಚಾಂದ್‌ಪಾಷನಿಗೆ.
'ನೀನು ನಡಿಯೋ, ನಾನ್ ನೋಡ್ಕೊಂತೀನಿ.'

ಈಗ ಅದೇ ಬಾಗಿಲಿಗೆ ಮರದ ನಾರು, ಮೊಳೆಗೆ ತುಕ್ಕು,
ನೆಲದ ನೀರಿನಲ್ಲಿ ಅಲುಗುವ ದೀಪ.
ಅಬ್ಬಾ ಅನ್ನಬೇಕು, ಅಂದೆ ಕೂಡ.
ಹಳೇ ಮಂಜೆಲ್ಲ ಕರಗಿ ಓಣಿ ಕೊನೆತನಕ ಕಾಣುತ್ತದೆ.
ದೂರದ್ದನ್ನು ಬಿಡಿಸಲು ಕಂಪ್ಯೂಟರಿಗೆ ತಾಕತ್ತಿಲ್ಲದೆ
ಮುಚ್ಚಿಟ್ಟ ಮಂಜಂತೆ ಅದು;
ನಾವೋ ಅದಕ್ಕೇ ಹೆದರಿ ಮೊಣಕೈಗೆ ಮೊಣಕೈ ಒತ್ತಿ ಕೂತಿದ್ದೆವು.

ಮೂರನೇ ತಿರುವಿನಲ್ಲಿ ಕಾವಲುಗಾರ.
ಆಗ ಅವನ ಮುಖ ಆರು ಚೌಕ,
ಅಕ್ಕಿಯ ಕಲ್ಲಿನ ಹಾಗೆ ಹೆಕ್ಕಿ ಎಸೆಯುತ್ತಿದ್ದ ಪಾಷ.
ಈಗ ಎರಡು ದಿನದ ಗಡ್ಡ,
ನಿದ್ದೆಗೆಟ್ಟ ಕಣ್ಣು,
ಅಂಗಿಯ ಒಂದು ಗುಂಡಿ ಬೇರೆ ಬಣ್ಣದ್ದು.
ಯಾರೋ ಕೂತು ಹೊಲಿದಿದ್ದಾರೆ.
ನನ್ನ ಬೆರಳು ನಿಂತಿತು. ಅವನದು ನಿಲ್ಲಲಿಲ್ಲ.
ಸತ್ತೆ. ಮತ್ತೆ ಬಂದೆ.
ಮತ್ತೆ ಗುಂಡಿ ನೋಡುತ್ತಲೇ ಸತ್ತೆ.

ಒಂದು ಕೀಲಿ ಒತ್ತಿದರೆ ಹಳೇ ಚಿತ್ರ ಬರುತ್ತದೆ
ಅಂದಿದ್ದಳು ಮಗಳು, ಮಲಗುವ ಮುಂಚೆ.
ಒತ್ತಿದೆ. ಆರು ಚೌಕ.
ಹೊಡೆದೆ.

ತಿರುಗಿ ಒತ್ತುವ ಧೈರ್ಯವಾಗದೆ
ಹಳೇ ಚಿತ್ರದಲ್ಲೇ ಮುಂದೆ ನಡೆದೆ.
ಬಾಗಿಲು. ನಾಲ್ಕು ಗೆರೆ.
ಅದೇ ಕಿರ್ರ್ ಸದ್ದು, ಅದನ್ನು ಮಾತ್ರ ಯಾರೂ ತಿದ್ದಿಲ್ಲ.
ಎರಡೂ ಕೀಲಿ ನನ್ನ ಕೈಯಲ್ಲೇ ಇವೆ;
ಬಲಗಡೆ ಅರ್ಧ ಕುರ್ಚಿ ಬಿಟ್ಟು ಕೂತಿದ್ದೇನೆ.