ಸ್ಕರ್ಟ್, ಕ್ರಿಯಾಪದ

ಕೀತ್ಲಿ ಪೇಟೆಯ ಹಿಂಬೀದಿಯಲ್ಲಿ
ಬೆರಿಲಳ ಹೊಲಿಗೆಯಂಗಡಿ. ಗಾಜಿಗಂಟಿಸಿದ ಚೀಟಿ:
ಜಿಪ್ ಹಾಕಿಕೊಡುತ್ತೇವೆ, ಅಂಚು ಮಡಿಸುತ್ತೇವೆ,
ಪರದೆಗಳಿಗೆ ಗುರುವಾರದ ತನಕ ಕಾಯಬೇಕು.

ಒಳಗೆ ಕಾಜಾ ಹೊಲಿಯುವ ಯುರ್ಗಾ,
ಲಿಥುವೇನಿಯಾದಿಂದ ಬಂದು ಹದಿನೈದು ತಿಂಗಳು.
ಬಿಡುವು ಸಿಕ್ಕರೆ ಪೇಪರು ಹರವಿ
ತಿಳಿಯದ ಪದದ ಕೆಳಗೆ
ದರ್ಜಿ ಸೀಮೆಸುಣ್ಣದ ಗೆರೆ.
ಇವತ್ತಿನ ಸಾಲು:
ಬಸ್ಸಿನ ಪ್ರಶ್ನೆಯನ್ನು ನಗರಸಭೆ ಸ್ಕರ್ಟ್ ಮಾಡಿತು.

'ಪ್ರಶ್ನೆಗೆ ಲಂಗ ತೊಡಿಸಿದರಾ?'
ಬೆರಿಲ್ ನಕ್ಕಳು, ಚಹಾ ನೆತ್ತಿಗೇರುವಷ್ಟು.
'ಇಲ್ಲ ಕಣೇ. ಒಳಗೆ ಕಾಲಿಡದೆ
ಅಂಚು ಹಿಡಿದು ಸುತ್ತಿ ಹೋಗುವುದು.
ಕೆಸರು ಕಂಡರೆ ಹೋಗ್ತೀಯಲ್ಲ, ಹಾಗೆ.'

ನಮಗಿದು ಅಷ್ಟು ತೊಡಕಲ್ಲ:
ಸೀರೆಗೂ ಅಂಚು, ಕೆರೆಗೂ ಅಂಚು,
ಹಳೆಯ ಮಾತಿನಲ್ಲಿ ಬಟ್ಟೆ ಎಂದರೆ ದಾರಿ.
ನುಣುಚುವುದು, ಜಾರುವುದು, ಕಣ್ತಪ್ಪಿಸುವುದು
ನಮ್ಮಲ್ಲೂ ಬೇಕಾದಷ್ಟಿವೆ;
ಎಲ್ಲದರಲ್ಲೂ ಒಂದಿಷ್ಟು ಎಣ್ಣೆ, ಒಂದಿಷ್ಟು ಅವಸರ.
ಸ್ಕರ್ಟಿಗೆ ಅವಸರವಿಲ್ಲ.
ಸುತ್ತಳತೆ ಇದೆ.

ಯುರ್ಗಾ ಆಮೇಲೆ ಗಮನಿಸಿದಳು:
ಬಸ್ ಸ್ಟಾಪಿನಿಂದ ಅಂಗಡಿಗೆ ನೆಟ್ಟಗೆ ನಾಲ್ಕು ನಿಮಿಷ.
ಬೆರಿಲ್ ಬರುವುದು ಲೈಬ್ರರಿ ಬಳಸಿ,
ಕಸದ ಡಬ್ಬಿಗಳ ಸಂದಿಯಲ್ಲಿ, ಹನ್ನೊಂದು ನಿಮಿಷ,
ಮಂಡಿನೋವಿನಲ್ಲೂ.
ನೆಟ್ಟಗಿನ ದಾರಿಯ ನಡುವೆ ಒಂದು ಚಪ್ಪಲಿ ಅಂಗಡಿ,
ಅದರ ಗಲ್ಲಾದಲ್ಲಿ ತಂಗಿ ನೊರೀನ್.
ಹತ್ತೊಂಬತ್ತು ವರ್ಷ.
ಅಮ್ಮನ ಕಾಲ್ತುಳಿ ಮಿಷನ್ನು
ಯಾರಿಗೆಂದು ಅಮ್ಮ ಹೇಳಿದ್ದಳೋ,
ಹೇಳುವಾಗ ಯಾರು ಅಡುಗೆಮನೆಯಲ್ಲಿದ್ದರೋ.
ಮಿಷನ್ನು ಇಲ್ಲಿದೆ. ದಿನವೂ ಎಣ್ಣೆ ಕುಡಿಯುತ್ತದೆ.

ಫೆಬ್ರವರಿ. ಹೊರಗೆ ಹಿಮವೂ ಅಲ್ಲದ ಮಳೆಯೂ ಅಲ್ಲದ್ದು.
ಗಂಟೆ ಕಿಣಿಗುಟ್ಟಿ ಬಾಗಿಲಲ್ಲಿ
ಗಾಢನೀಲಿ ಸ್ಕರ್ಟುಟ್ಟ ಹೆಂಗಸು.
'ಮಗನ ಮದುವೆ. ಎರಡನೇದು.
ಆ ಇನ್ನೊಂದು ಅಂಗಡಿ ಮುಚ್ಚಿಬಿಟ್ಟಿದ್ದಾರೆ'
ಎಂದಳು, ಕ್ಷಮೆ ಕೇಳುವಂತೆ,
ಯಾರನ್ನೆಂದು ತಿಳಿಯದ ಹಾಗೆ.

ಬೆರಿಲ್ ಮರದ ಪೆಟ್ಟಿಗೆ ತೋರಿಸಿದಳು.
ನೊರೀನ್ ಹತ್ತಿ ನಿಂತಳು.
ಬೆರಿಲ್ ಬಾಯಿತುಂಬ ಗುಂಡುಸೂಜಿ ಕಚ್ಚಿ
ಮಂಡಿಯೂರಿದಳು.

ಗಿರಾಕಿಗೆ ತಿರುಗು ಎನ್ನುವುದು ವಾಡಿಕೆ.
ಎನ್ನಲಿಲ್ಲ. ತಾನೇ ಸುತ್ತಿದಳು,
ಮರದ ಸ್ಕೇಲು ಊರುತ್ತಾ, ಮಂಡಿ ಸರಿಸುತ್ತಾ,
ನೆಲದಿಂದ ಹದಿನಾಲ್ಕಿಂಚಿಗೆ ಒಂದೊಂದು ಸೂಜಿ.
ಯುರ್ಗಾ ಕಾಜಾ ಬಿಟ್ಟು
ಕ್ರಿಯಾಪದವನ್ನೇ ನೋಡುತ್ತಿದ್ದಳು.

ಬೆನ್ನ ಹಿಂದೆ ಬಂದಾಗ ಮೇಲಿಂದ ಮಾತು:
'ಬಾಬಿನ್ ಈಗಲೂ ಸಿಕ್ಕಿಹಾಕಿಕೊಳ್ಳುತ್ತದಾ?'

ಸೂಜಿಗಳು ಇನ್ನೂ ಐದಿದ್ದವು.
ಒಂದೊಂದಾಗಿ ತೆಗೆದು ಅಂಗೈಗಿಟ್ಟು
ಬೆರಿಲ್ ಹೇಳಿದಳು: 'ಚಳಿಗಾಲದಲ್ಲಿ ಮಾತ್ರ.'
ಮತ್ತೆ ಐದನ್ನೂ ಕಚ್ಚಿಕೊಂಡಳು.

ರಸೀದಿ ಬರೆದದ್ದು ಯುರ್ಗಾ. ಶುಕ್ರವಾರ, ನಾಲ್ಕು ಗಂಟೆ.

ಅಂಚನ್ನು ಕೈಹೊಲಿಗೆಯಲ್ಲಿ ಮುಗಿಸಿದಳು ಬೆರಿಲ್,
ಹೊರಗೆ ಒಂದು ಟಾಕೂ ಕಾಣದಂತೆ.
ಶುಕ್ರವಾರ ಮೂರೂವರೆಗೆ ಅವಳಿಗೆ
ಅಂಚೆ ಕಚೇರಿಯಲ್ಲಿ ಏನೋ ನೆನಪಾಯಿತು.
ಕೋಟು ತೊಟ್ಟು ಹೋದಳು, ಲೈಬ್ರರಿ ಬಳಸಿ.

ನಾಲ್ಕಕ್ಕೆ ಬಂದವನು ಒಬ್ಬ ಹುಡುಗ,
ಕಿವಿಗೆ ಹೆಡ್‌ಫೋನು, ಸೈಕಲ್ ಬಾಗಿಲಿಗೆ ಒರಗಿಸಿ:
'ಅಜ್ಜಿಗೆ ಬರೋಕೆ ಆಗಲ್ವಂತೆ.'
ಚಿಲ್ಲರೆ ಸಮೇತ ಹಣ ಎಣಿಸಿ ಕೊಟ್ಟ.
ಜೊತೆಗೊಂದು ಕಾಗದದ ಪೊಟ್ಟಣ,
ಇದು ಯಾಕೋ ಗೊತ್ತಿಲ್ಲ ಎಂದ.

ಒಳಗೆ ತುಕ್ಕು ಚುಕ್ಕೆಯ ಒಂದು ಬಾಬಿನ್.
ಅದಕ್ಕೆ ಯಾರೋ ಎಂದೋ ಸುತ್ತಿದ
ಕಂದು ದಾರ,
ಅರ್ಧ ಖರ್ಚಾಗಿತ್ತು.