ಒಂದು ಸಾಲಿನ ಠರಾವು

ನಮ್ಮ ಕಡೆ ಶಾಲೆಗೆ ಸಾಲಿ ಅಂತೀವ್ರಿ.
ಹಾಳಿ ಮ್ಯಾಲಿನ ಗೆರಿಗೂ ಸಾಲು, ಬಿತ್ತಿದ್ದಕ್ಕೂ ಸಾಲು.
ಅದಕ್ಕ ಕ್ಲೆಮೆಂತಿನ್ ಟೀಚರು
'ಏನ ಬೇಕು, ಒಂದ ಸಾಲಿನ್ಯಾಗ ಹೇಳು' ಅಂದಾಗ
ನಗಿ ಬಂತು ನನಗ.

ಮಳಿ ಬಿದ್ದರ ಇಲ್ಲಿ ಸ್ಲ್ಯಾಬಿನ ಕೆಲಸ ನಿಲ್ಲತೈತಿ,
ಅಲ್ಲಿ ಯಲಬುರ್ಗಿ ಹೊಲ ಕರಿತೈತಿ.
ಜೂನಿನ್ಯಾಗ ಸಾಲಿ ಗಂಟಿ ಹೊಡಿಯೂ ಹೊತ್ತಿಗೆ
ನಮ್ಮ ಮಕ್ಕಳು ಸಜ್ಜಿ ಬಿತ್ತಾಕ ಹೋಗಿರತಾವ.
ದೀಪಾವಳಿ ಮುಗಿಸಿ ಬಂದರ
ಹೆಡ್‌ಮಾಸ್ತರು ಕ್ಯಾಲೆಂಡರ್ ತೋರಸ್ತಾರ:
ದಾಖಲಾತಿ ಮುಗದೈತಿ, ಮುಂದಿನ ವರ್ಷ ಬರ್ರಿ.
ಮುಂದಿನ ವರ್ಷನೂ ಮಳಿ ಜೂನಿನ್ಯಾಗ ಬರತೈತಿ.

ಟೀಚರು ಕನ್ನಡಕ ಒರಸಿ ಕೊಂಕಣಿಯೊಳಗ ಬರದ್ರು:
'ಮಗು ಯಾವ ತಿಂಗಳು ಬಂದರೂ, ಯಾವ ಕಾಗದ ಇಲ್ಲದಿದ್ದರೂ
ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳತಕ್ಕದ್ದು.'
ಅದಕ್ಕ ಐವತ್ತು ಸಹಿ ಬೇಕಂತ,
ಎಲ್ಲಾ ಈ ಪಂಚಾಯತಿ ಮತದಾರರದ.

ಇಲ್ಲೇ ತೊಡಕು.
ಬಾಗಿಲು ಬೇಕಾದವ್ರಿಗೆ ಓಟಿಲ್ಲ,
ಓಟಿದ್ದವ್ರಿಗೆ ಬಾಗಿಲು ತೆರದ ಐತಿ.
ನಮ್ಮ ತಗಡಿನ ಮನಿಗಳೊಳಗ ನೂರಾ ಹದಿನಾರು ಮಂದಿ,
ಗೋವಾದ ಕಾರ್ಡು ನಂದೊಂದ:
ಹನ್ನೊಂದು ವರ್ಷ, ಮೂರು ಅರ್ಜಿ,
ಎರಡು ಸಲ ತಪ್ಪು ಬಿದ್ದ ಹೆಸರು. ಹುಲಿಗೆವ್ವ ಅನ್ನೂದು
ಇಲ್ಲಿನ ಗುಮಾಸ್ತನ ಪೆನ್ನಿಗೆ ಹೊಂದಲಿಲ್ಲ.

ಹೊಂಟೆ.
ಬೇಕರಿ ಕಾಯ್ತಾನ್ ಪಾವಿನ ಬುಟ್ಟಿ ಇಳಿಸಿ
ಓದಲಾರದ ಸಹಿ ಹಾಕಿದ, ಹಿಟ್ಟಿನ ಬೆರಳಚ್ಚು ಸಮೇತ.
ಹಡಗಿನ್ಯಾಗ ದುಡದು ಬಂದ ಮುದುಕ ಏಳು ಸಲ ಓದಿ,
ಅಲ್ಪವಿರಾಮ ಒಂದ ತಿದ್ದಿ, ಚಹಾ ಕೊಟ್ಟ, ಆಮ್ಯಾಲೆ ಸಹಿ.
ಒಬ್ಬಾಕಿ ಗೇಟಿನ ಆಚೆಯಿಂದ
'ಘಾಂಟಿ ಬಂದ್ಲು, ನಾಯಿ ಬಿಚ್ಚು' ಅಂದಳು.
ನಾಯಿ ಬಾಲ ಅಲ್ಲಾಡಿಸ್ತು.
ಆ ಕಂಪೌಂಡು ಕಟ್ಟೂ ಮುಂದ ಅದಕ್ಕ ರೊಟ್ಟಿ ಹಾಕಿದಾಕಿ ನಾನ.

ಎಸ್ಪೆರಾನ್ಸ್ ಬಾಯಿ ಬೈಲಿಲ್ಲ. ಕುರ್ಚಿ ಹಾಕಿ ಕೇಳಿದ್ರು:
ನನ್ನ ಮೊಮ್ಮಗನ ಕ್ಲಾಸಿನ್ಯಾಗ ಐವತ್ತೆರಡು ಹುಡುಗ್ರು, ಟೀಚರ್ ಒಬ್ಬಾಕಿ.
ನವೆಂಬರಿಗೆ ಇನ್ನೂ ಹತ್ತು ಬಂದರ
ಮತ್ತ ಮೊದಲಕ್ಷರದಿಂದ ಶುರುವೇನು?
ಸುಳ್ಳಲ್ಲ ಅದು. ರಾತ್ರಿ ಪೂರ್ತಿ ಹೊಳ್ಳಾಡಿದೆ.
ಮುಂಜಾನೆ ಟೀಚರ ಕೈಲೆ ಇನ್ನೊಂದ ಸಾಲು ಬರಸಿದೆ:
'ಅದಕ್ಕಾಗಿ ಒಬ್ಬ ಹೆಚ್ಚುವರಿ ಶಿಕ್ಷಕಿ.'
ಸಾಲು ಎರಡಾದ್ರ ಹಳೇ ಸಹಿ ನಡಿಯೂದಿಲ್ಲಂತ.
ಮತ್ತ ಎಲ್ಲಾ ಬಾಗಿಲು. ಮುದುಕ ಮತ್ತ ಏಳು ಸಲ ಓದಿದ.
ಬಾಯಿ ಆಗಲೂ ಸಹಿ ಮಾಡಲಿಲ್ಲ.

ಗ್ರಾಮಸಭೆ, ಆಯಿತವಾರ, ಚರ್ಚು ಬಿಟ್ಟ ಮ್ಯಾಲೆ.
ಬೀದಿ ದೀಪ, ಬೀದಿ ನಾಯಿ, ತುಂಬಿದ ಗಟಾರ,
ಯಾರದೋ ಪರವಾನಿಗಿ ಇಲ್ಲದ ಮಹಡಿ...
ಏಳನೇದು ನಮ್ಮದು. ಅಷ್ಟರಾಗ ಅರ್ಧ ಕುರ್ಚಿ
ಮೀನ ಸಾರಿನ ವಾಸನಿ ಹಿಡದು ಮನಿಗೆ ಹೋಗಿದ್ವು.

'ಪರ ಇದ್ದವರು ಕೈ ಎತ್ತಿ.'
ಎತ್ತಿದೆ. ಗೆರಿಯೊಳಗ ಸಿಮೆಂಟು ಕೂತ ಕೈ.
ಇಷ್ಟು ವರ್ಷ ಬುಟ್ಟಿ ಎತ್ತೇನಿ,
ಬರೇ ಕೈ ಇಷ್ಟು ಭಾರ ಅಂತ ಗೊತ್ತಿರಲಿಲ್ಲ.
ದಾಬೋಳಿಗೆ ಇಳಿಯೂ ವಿಮಾನ ತಗಡು ನಡುಗಿಸಿ ಹೋತು,
ಸೆಕ್ರೆಟರಿ ಎಣಿಕಿ ತಪ್ಪಿ ಮತ್ತ ಎಣಿಸಿದ.
ಪರ ಮೂವತ್ತೊಂದು, ವಿರುದ್ಧ ಇಪ್ಪತ್ನಾಲ್ಕು. ಪಾಸು.

ಕಿಟಕಿ ಸರಳಿನಿಂದ ನನ್ನ ಮಗಳು ದ್ಯಾಮಿ
ಕೊಂಕಣಿಯೊಳಗ ಒದರಿದಳು: 'ಬತ್ತೀಸ!'
ಇಟ್ಟಂಗಿ ಎಣಿಸಿ ಎಣಿಸಿ ಲೆಕ್ಕ ಕಲತಾಕಿ,
ಗ್ವಾಡಿ ಮೂಲ್ಯಾಗ ನಿಂತ ಅವ್ವನ್ನ ಬಿಟ್ಟಾಳೇನು?
'ಒಂದಕ್ಕ ಏನಾಗತೈತಿ, ಪಾಸಾತಲ್ಲ' ಅಂದ ಸೆಕ್ರೆಟರಿ.
ಎದ್ದು ನಿಂತ್ರು ಎಸ್ಪೆರಾನ್ಸ್ ಬಾಯಿ,
ವಿರುದ್ಧ ಎತ್ತಿದ ಕೈ ಇನ್ನೂ ಪೂರ್ತಿ ಇಳಿಸಿರಲಿಲ್ಲ:
'ಹುಡುಗಿ ಖರೇ ಹೇಳ್ಯಾಳ. ಹೊಡದು ಹಾಕು. ಮೂವತ್ತೆರಡು ಬರಿ.'

ಹೊಡದು ಹಾಕಿದ. ಬರದ.

ಕಾಗದ ಪಣಜಿಗೆ ಹೋಗೈತಂತ.
ಜುವಾರಿ ಹೊಳಿ ದಾಟೈತೋ ಇಲ್ಲೋ, ಯಾರಿಗೂ ತಿಳೀದು.
ಅವತ್ತ ಮೆಟ್ಟಲ ಇಳಿಯೂ ಮುಂದ ಬಾಯಿ ಕೇಳಿದ್ದರು,
ಬತ್ತೀಸ ಅಂದಾಕಿ ಎಷ್ಟನೇತ್ತಾ ಅಂತ.
ನಾನು ಬಾಯಿ ತೆರೆಯೂದ್ರೊಳಗ
ದ್ಯಾಮಿ ಮೆಟ್ಟಲ ಎಣಿಸ್ಕೋತ
ಕೆಳಗ ಮುಟ್ಟಿದ್ದಳು.