ಎರಡನೇ ಭಾನುವಾರದ ನಡಾವಳಿ

ಸ್ಥಳ: ಹಾಸನ, ಕಟ್ಟಿನಕೆರೆ ಮಾರುಕಟ್ಟೆಯ ಹಿಂದೆ
ಇನಾಯತ್ ಗ್ಲಾಸ್ ಅಂಡ್ ಪ್ಲೈವುಡ್, ಮಹಡಿ.
ಹಾಜರಿ ಎಂಟು. ಒಂಬತ್ತನೆಯವರು ಬಸ್ಸಿನಲ್ಲಿದ್ದಾರೆ.
ಕಾಫಿ ಬಂದಿದೆ, ಸ್ಟೀಲ್ ಲೋಟದಲ್ಲಿ.
ಗಾಜಿನ ಸಂಘದವರು ನಾವು,
ಗಾಜಿನಲ್ಲಿ ಕುಡಿಯುವ ಧೈರ್ಯವಿಲ್ಲ.

ಮೊದಲು ಗಂಟು ಬಿಚ್ಚುವ ಕೆಲಸ.
ಧರಣೇಂದ್ರಯ್ಯ ಡಾಕ್ಟರ ನೀಲಿ ಅತ್ತರಿನ ಸೀಸೆ
ದನದ ಇಂಜೆಕ್ಷನ್ನಿನ ಹತ್ತಿಯೊಳಗಿಂದ ಬಂತು.
ಕಂಡಕ್ಟರ್ ಜವರಪ್ಪನವರ ಹಸಿರು ಗೋಲಿಸೋಡಾ ಬಾಟಲಿ
ಕಾಲುಚೀಲದಿಂದ.
ಗೋಲಿ ಇದೆಯೇ ಎಂದು ಎಲ್ಲರೂ ಒಮ್ಮೆ ಅಲ್ಲಾಡಿಸುತ್ತೇವೆ.
ಪ್ರತಿ ತಿಂಗಳೂ ಇರುತ್ತದೆ.

ಪಾಲಿಟೆಕ್ನಿಕ್ಕಿನ ಯಶಸ್ ತಂದದ್ದು
ಖೋಟಾ ನೋಟು ಹಿಡಿಯುವ ಟಾರ್ಚು.
ದೀಪ ಆರಿಸಿ, ಅಂದ.
ಆರಿಸಿ ಅನ್ನಬಾರದು ಕಣೋ, ದೊಡ್ಡದು ಮಾಡಿ ಅನ್ನು,
ಎಂದು ಗದರಿದರು ಪುಟ್ಟಲಿಂಗಮ್ಮ.
ಟ್ಯೂಬ್‌ಲೈಟನ್ನು ದೊಡ್ಡದು ಮಾಡಿದೆವು.
ಆ ಕತ್ತಲೆಯಲ್ಲಿ
ಸಂತೆಯಲ್ಲಿ ನಲವತ್ತು ರೂಪಾಯಿಗೆ ಕೊಂಡ ನನ್ನ ಉಪ್ಪಿನ ಬಟ್ಟಲು
ಬಾಳೆಯ ಎಳೆ ಸುಳಿಯ ಹಾಗೆ ಹಸಿರಾಗಿ ಉರಿಯಿತು.
ಅಯ್ಯೋ ಎಂದೆ. ಅಷ್ಟರಲ್ಲಿ ಬಾಗಿಲು ತೆರೆಯಿತು,
ಬೆಳಕು ಬಂತು, ಅದು ಮತ್ತೆ ಉಪ್ಪಿನ ಬಟ್ಟಲೇ.

ಬಂದವರು ಸಕಲೇಶಪುರದ ಸೆವ್ರಿನ್ ಬಾಯಿ.
ನಾಲ್ಕು ತಿಂಗಳಿಂದ ಬಾಯಿಮಾತಿನಲ್ಲೇ ತೋರಿಸಿದ್ದರು ಆ ಹೂದಾನಿ:
ಮಾಗಿದ ನೇರಳೆಯ ಬಣ್ಣ, ಮೈತುಂಬ ಚಿನ್ನದ ಎಳೆ.
ಎಸ್ಟೇಟು ಮಾರುವಾಗ ದೊರೆಸಾನಿ ಕೇಳಿದರಂತೆ,
ಅಡುಗೆಮನೆಯಿಂದ ನಿನಗೇನು ಬೇಕು?
ಇವರು ಕೈ ತೋರಿಸಿದ್ದು ಹಜಾರದ ಕಡೆಗೆ.

ಗಂಟನ್ನು ಮೇಜಿನ ಮೇಲಿಟ್ಟು ಕೂತರು.
ಬಿಚ್ಚಲಿಲ್ಲ.
ಬಾಳ್ಳುಪೇಟೆಯ ಹಂಪು, ಎಂದರು.
ಟಣ್ ಅನ್ನಲಿಲ್ಲ. ಮಗು ಕೆಮ್ಮಿದ ಹಾಗೆ ಆಯಿತು, ಮಡಿಲಲ್ಲೇ.

ಹಳೆಯ ಪುಟ್ಟ ಸ್ವೆಟರು, ಅದರೊಳಗೆ ತುಂಡುಗಳು.
ಯಾರೂ ಮಾತಾಡಲಿಲ್ಲ. ಜವರಪ್ಪನವರೊಬ್ಬರು
ಯಾವ ಡಿಪೋದ ಬಸ್ಸು? ಎಂದು ಕೇಳಿ ಸುಮ್ಮನಾದರು.

ಇನಾಯತ್ ಸಾಹೇಬರದು ನಲವತ್ತು ವರ್ಷ ಗಾಜು ಕೊಯ್ದ ಕೈ.
ಸಂಘಕ್ಕೆ ಜಾಗ ಕೊಟ್ಟವರು; ಅವರ ಸಂಗ್ರಹದಲ್ಲಿ ಏನೂ ಇಲ್ಲ.
ದಪ್ಪ ತಳದ ತುಂಡನ್ನು ಬೆಳಕಿಗೆ ಹಿಡಿದರು.
ಇದು ನೋಡಿ, ಕಬ್ಬಿಣದ ಕೋಲಿಂದ ಕಿತ್ತ ಗುರುತು.
ಹೊಕ್ಕುಳು.
ಮಿಷಿನ್ನಿನದಕ್ಕೆ ಇದು ಇರೋದಿಲ್ಲ.
ಯಾರೋ ಉಸಿರು ಕೊಟ್ಟು ಊದಿದ್ದು.

ಸೆವ್ರಿನ್ ಬಾಯಿ ಬೆರಳಿಟ್ಟು ನೋಡಿದರು.
ಮೂವತ್ತೊಂದು ವರ್ಷ ಒರೆಸಿದ್ದೇನೆ,
ಬುಡ ಮೇಲು ಮಾಡಿ ನೋಡಿರಲಿಲ್ಲ.
ನನ್ನದಲ್ಲವಲ್ಲ ಅಂತ.

ನಾನು ಪುಸ್ತಕ ತೆಗೆದೆ. ತಾಲ್ಲೂಕು ಕಚೇರಿಯಲ್ಲಿ
ಇಪ್ಪತ್ತೆಂಟು ವರ್ಷ ನಡಾವಳಿ ಬರೆದವನು,
ಆದದ್ದನ್ನು ಆದ ಹಾಗೆ ಬರೆಯುವುದೇ ಅಭ್ಯಾಸ.
ಸದಸ್ಯೆಯ ಹೂದಾನಿ ಒಡೆ
ಎಂಬಲ್ಲಿಗೆ ಪುಟ್ಟಲಿಂಗಮ್ಮ ನನ್ನ ಮಣಿಕಟ್ಟು ಹಿಡಿದರು.
ಮೂರು ತಲೆಮಾರು ಬಳೆ ತೊಡಿಸಿದ ಮನೆಯವರು,
ಆ ಹಿಡಿತದಿಂದ ಯಾವ ಕೈಯೂ ಜಾರಿದ್ದಿಲ್ಲ.
ಬಳೆ ಒಡೀತು ಅಂತೀವೇನ್ರೀ?
ಹೆಚ್ಚಿತು ಅಂತ ಬರೀರಿ.

ಬರೆದೆ.
ಬರೆದ ಮೇಲೆ ಲೆಕ್ಕ ಹಿಡಿಯಬೇಕಾಯಿತು: ತುಂಡು ಹದಿನೇಳು.
ಸಾಹೇಬರು ಕೆಳಗಿಳಿದು ಸಾಣೆ ಹಚ್ಚಿದರು,
ನೀರು ಬಿಟ್ಟುಕೊಂಡು, ಅಂಚು ನುಣ್ಣಗಾಗುವವರೆಗೆ.
ಅಷ್ಟು ಹೊತ್ತೂ ನಾವು ನಿಪ್ಪಟ್ಟು ತಿಂದೆವು, ಸದ್ದಾಗದಂತೆ.
ಒಬ್ಬೊಬ್ಬರಿಗೆ ಒಂದೊಂದು.
ಹೊಕ್ಕುಳಿನದು ಸೆವ್ರಿನ್ ಬಾಯಿಗೆ.
ಸಾಹೇಬರು ತಮ್ಮದನ್ನು ಅಂಗಿಯ ಜೇಬಿಗೆ ಹಾಕಿ
ಆಮೇಲೆ ಎರಡು ಸಲ ಮುಟ್ಟಿ ನೋಡಿಕೊಂಡದ್ದನ್ನು
ನಡಾವಳಿಯಲ್ಲಿ ಬರೆದಿಲ್ಲ.

ಖರ್ಚು: ಕಾಫಿ ತೊಂಬತ್ತು. ನಿಪ್ಪಟ್ಟು ಡಾಕ್ಟರ ಮನೆಯದು.
ಬೆಲೆಯ ಕಾಲಂ ಖಾಲಿ ಬಿಟ್ಟಿದೆ.

ಸೆವ್ರಿನ್ ಬಾಯಿ ಐದರ ಬಸ್ಸಿಗೆ ಹೊರಟರು.
ಸ್ವೆಟರು ಕುರ್ಚಿಯ ಮೇಲೆಯೇ ಮರೆತಿದ್ದಾರೆ.
ಬಾಲ್ಕನಿಗೆ ಒಯ್ದು ಕೊಡವಿದೆ,
ಮತ್ತೊಮ್ಮೆ ಕೊಡವಿದೆ.
ನೇರಳೆ ಪುಡಿ ಇನ್ನೂ ಬರುತ್ತಲೇ ಇದೆ.